ವಿಷದ ಕಾಲಾಳು



ಚದುರಂಗ ಆಡುವ ನಿಮ್ಮಲ್ಲಿ ಕೆಲವರು ಸಿಸಿಲಿಯನ್ ನಾಯ್ಡಾರ್ಫ್ ಆರಂಭವನ್ನು ಬಾಯಿಪಾಠ ಮಾಡಿರಬಹುದು. ಅದರಲ್ಲಿ ‘ವಿಷದ ಕಾಲಾಳು’ ಎಂಬ ಕವಲಿದೆ. ಬಿಳಿಯ ಒಂಟೆ 6ನೇ ನಡೆಯಲ್ಲಿ ಜಿ5ಕ್ಕೆ ಹೋಗುವುದರಿಂದ ಬಿ2 ಮನೆಯ ಕಾಲಾಳಿಗೆ ಕಾವಲು ತಪ್ಪುತ್ತದೆ. ಕಪ್ಪು ರಾಣಿ 7ನೇ ನಡೆಯಲ್ಲಿ ಬಿ6ಕ್ಕೆ ಬಂದು, 8ನೇ ನಡೆಯಲ್ಲಿ ಅದನ್ನು ಹೊಡೆಯುತ್ತದೆ. ಲಾಭ ಒಂದು ಕಾಲಾಳು. ಆದರೆ ರಾಣಿ ವೈರಿಯ ಪಾಳೆಯದಲ್ಲಿ ಅಲೆಯುವಷ್ಟರಲ್ಲಿ ಬಿಳಿಯ ಪಡೆ ಸಜ್ಜಾಗುತ್ತದೆ. ಕಪ್ಪು ರಾಜ ಇನ್ನೂ ನಡುವಿನಲ್ಲೇ ನಿಂತಿರುತ್ತಾನೆ.

1972ರಲ್ಲಿ ರೇಕ್ಯಾವಿಕ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 7ನೇ ಆಟದಲ್ಲಿ ಬಾಬಿ ಫಿಷರ್ ಇದನ್ನಾಡಿ ಡ್ರಾ ಮಾಡಿಕೊಂಡರು. 11ನೇ ಆಟದಲ್ಲಿ ಮತ್ತೆ ಆಡಿದಾಗ ಬೋರಿಸ್ ಸ್ಪಾಸ್ಕಿ 14ನೇ ನಡೆಯಲ್ಲಿ ಕುದುರೆಯನ್ನು ಹೊರಟ ಮನೆಗೇ ಹಿಂದಿರುಗಿಸಿದರು. ಹಿಂದಡಿಯಂತೆ ಕಂಡ ಆ ನಡೆಯೇ ಬಲೆಯಾಯಿತು. ಫಿಷರ್ ರಾಣಿಯನ್ನು ಕಳೆದುಕೊಂಡು ಸೋತರು.

ಹಾಗೆಂದು ಆ ಕಾಲಾಳನ್ನು ಮುಟ್ಟಲೇಬಾರದೆಂದಲ್ಲ. ಇಂದಿನ ಕಂಪ್ಯೂಟರ್‌ಗಳೂ ಅದನ್ನು ಹೊಡೆಯಬಹುದೆನ್ನುತ್ತವೆ. ಆದರೆ ಎದುರಾಳಿ ಪುಸ್ತಕದಲ್ಲಿಲ್ಲದ ನಡೆ ಇಟ್ಟರೆ ಬಾಯಿಪಾಠ ಕೈಕೊಡುತ್ತದೆ. ಆದ್ದರಿಂದ ಈ ಎರಡೂ ಆಟಗಳನ್ನು ಮಣೆಯ ಮೇಲೆ ನಿಧಾನವಾಗಿ ಆಡಿ ನೋಡಿ. ಪ್ರತಿ ನಡೆಗೂ ‘ಏಕೆ?’ ಎಂದು ಕೇಳಿ, ಕಾರಣ ಬರೆದಿಡಿ. ಕಾರಣ ಹೇಳಲಾಗದ ನಡೆಯನ್ನು ಸ್ಪರ್ಧೆಯಲ್ಲಿ ಇಡಬೇಡಿ. ನಿಮ್ಮ ಪರೀಕ್ಷೆಯ ಓದಿಗೂ ಇದೇ ಮಾತು.