ಅತಿ ಕೆಟ್ಟ ರಸ್ತೆಗೇ ಮೊದಲು ಡಾಂಬರು ಹಾಕಬೇಕಾ?

(ವಿಡಿಯೋ ಮಾತಿನ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದೆ, ಧಾಟಿ ಬದಲಿಸಿಲ್ಲ.)



ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಸಿವಿಲ್ ಇಂಜಿನಿಯರ್ ಅಲ್ಲ. ಎಂ.ಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ, ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ. ರಸ್ತೆ ಬಗ್ಗೆ ಮಾತಾಡೋಕೆ ಇವನ್ಯಾರು ಅಂತ ಕೇಳಿದ್ರೆ ನನ್ನ ಹತ್ರ ಇರೋ ಅರ್ಹತೆ ಒಂದೇ: ಎಡಗೈ ಮಣಿಕಟ್ಟಿನಲ್ಲಿ ಒಂದು ಪ್ಲೇಟು, ಆರು ಸ್ಕ್ರೂ. (ನಗು) ಎರಡು ಮಳೆಗಾಲದ ಹಿಂದೆ ರಾತ್ರಿ ಸ್ಕೂಟರ್‌ನಲ್ಲಿ ಮನೆಗೆ ಬರ್ತಿದ್ದೆ. ನೀರು ತುಂಬಿದ ಗುಂಡಿ, ನಮ್ಮ ಧಾರವಾಡದ ಕಡೆ ತಗ್ಗು ಅಂತೀವಿ. ನೀರು ತುಂಬಿದಾಗ ಅದು ಒಂದು ಇಂಚೋ ಒಂದು ಅಡಿಯೋ ಗೊತ್ತಾಗಲ್ಲ. ಯಾವ ರಸ್ತೆ, ಯಾರ ರಸ್ತೆ ಅನ್ನೋದು ಇವತ್ತು ಬೇಡ. ಹಿಂದೆ ಬರ್ತಿದ್ದ ಟೆಂಪೋದವರು ಬ್ರೇಕ್ ಹಾಕಿದ್ರು, ಅದಕ್ಕೇ ಇಲ್ಲಿ ನಿಂತು ಮಾತಾಡ್ತಿದ್ದೀನಿ.

ಕೈಗೆ ಪ್ಲಾಸ್ಟರ್ ಹಾಕಿಸ್ಕೊಂಡು ಮನೇಲಿ ಕೂತ ಸಾಫ್ಟ್‌ವೇರ್ ಇಂಜಿನಿಯರ್ ಏನು ಮಾಡ್ತಾನೆ? ಒಂದು ಆ್ಯಪ್ ಬರೀತಾನೆ. ಒಂದೇ ಕೈಯಲ್ಲಿ ಟೈಪ್ ಮಾಡಿ ನಾನೂ ಬರೆದೆ. ಫೋನಿನಲ್ಲಿ ಆಕ್ಸೆಲೆರೋಮೀಟರ್ ಇರುತ್ತೆ, ಗಾಡಿ ಕುಲುಕಿದ್ರೆ ಅದಕ್ಕೆ ಗೊತ್ತಾಗುತ್ತೆ. ಅದರ ಜೊತೆ ಜಿಪಿಎಸ್ ಸೇರಿಸಿದ್ರೆ ಗುಂಡಿಗಳ ನಕ್ಷೆ ರೆಡಿ. ನಾಲ್ಕು ಜನ ಗೆಳೆಯರು ತಮ್ಮ ಬೈಕಿಗೆ ಫೋನ್ ಕಟ್ಟಿಕೊಂಡು ಓಡಾಡಿದ್ರು. ಕೊನೆಗೆ ಒಂದು ಪಟ್ಟಿ ಬಂತು, ಅತಿ ಕೆಟ್ಟ ರಸ್ತೆ ಮೇಲೆ, ಒಳ್ಳೇದು ಕೆಳಗೆ. ಕೋಡ್‌ನಲ್ಲಿ ಅದು ಒಂದೇ ಸಾಲು: ಆರ್ಡರ್ ಬೈ, ಗುಂಡಿ ಜಾಸ್ತಿ ಇರೋದು ಮೊದಲು. ಪಾಲಿಕೆಗೆ ಇದನ್ನ ಕೊಟ್ಟುಬಿಟ್ರೆ ಮೇಲಿನಿಂದ ಒಂದೊಂದೇ ರಿಪೇರಿ ಮಾಡ್ತಾ ಹೋಗ್ತಾರೆ, ಊರು ಉದ್ಧಾರ ಅಂದ್ಕೊಂಡಿದ್ದೆ.

ನಮ್ಮ ಸೊಸೈಟಿಯಲ್ಲಿ ಬೆಳಗಾವಿ ಕಡೆಯ ಒಬ್ಬ ಹಿರಿಯರಿದ್ದಾರೆ. ಜೀವಮಾನವೆಲ್ಲ ರಸ್ತೆ ಕೆಲಸ ಮಾಡಿ ರಿಟೈರ್ ಆದವರು, ನಾವೆಲ್ಲ ಕಾಕಾ ಅಂತೀವಿ. ಅವರಿಗೆ ಲ್ಯಾಪ್‌ಟಾಪ್ ತೋರಿಸಿದೆ. ಪಟ್ಟಿ ಕೆಳಗಿನವರೆಗೂ ನೋಡಿದ್ರು, ಕನ್ನಡಕ ತೆಗೆದು ಕೇಳಿದ್ರು: "ತಮ್ಮಾ, ಇದರಾಗ ಮುಂದಿನ ವರ್ಷ ಕೆಡೋ ರಸ್ತಾ ಯಾವು ಅದಾವು, ತೋರಿಸು."

ನನ್ನ ಹತ್ರ ಉತ್ತರ ಇರಲಿಲ್ಲ. ನನ್ನ ಪಟ್ಟಿಯಲ್ಲಿ ಇದ್ದದ್ದು ಸತ್ತ ರಸ್ತೆಗಳು. ಕಾಕಾ ಕೇಳಿದ್ದು ಇನ್ನೂ ಉಸಿರಾಡ್ತಿರೋ ರಸ್ತೆಗಳ ಬಗ್ಗೆ.

ರಸ್ತೆ ಹೇಗೆ ಸಾಯುತ್ತೆ ಅಂತ ಸ್ವಲ್ಪ ನೋಡೋಣ. ನಮಗೆ ಕಾಣೋದು ಮೇಲಿನ ಕಪ್ಪು ಡಾಂಬರು ಮಾತ್ರ. ಅದರ ಕೆಳಗೆ ಕಡಿ, ಅದೇ ಜಲ್ಲಿ, ಪದರ ಪದರವಾಗಿ ಇರುತ್ತೆ. ಅದರ ಕೆಳಗೆ ಮಣ್ಣು. ಭಾರ ಹೊರೋದು ಇವೆಲ್ಲ ಸೇರಿ. ಮೇಲಿನ ಡಾಂಬರಿನ ಇನ್ನೊಂದು ದೊಡ್ಡ ಕೆಲಸ ಛತ್ರಿ ಹಿಡಿಯೋದು, ನೀರು ಕೆಳಗೆ ಇಳಿಯದ ಹಾಗೆ. ಲಾರಿ ಓಡಾಡಿ ಓಡಾಡಿ ಡಾಂಬರಿನಲ್ಲಿ ಕೂದಲೆಳೆ ಬಿರುಕು ಬರುತ್ತೆ. ಅದು ಬೆಳೆದು ಮೊಸಳೆ ಚರ್ಮದ ಥರ ಕಾಣುತ್ತೆ, ಇಂಜಿನಿಯರ್‌ಗಳು ಅದಕ್ಕೆ ಅಲಿಗೇಟರ್ ಕ್ರ್ಯಾಕಿಂಗ್ ಅಂತಾನೇ ಕರೀತಾರೆ. ಆ ಬಿರುಕಿನಿಂದ ಮಳೆನೀರು ಒಳಗೆ ಹೋಗುತ್ತೆ. ಕೆಳಗೆ ಎರೆಮಣ್ಣು ಇದ್ರಂತೂ ಕೇಳೋದೇ ಬೇಡ, ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಹುಬ್ಬಳ್ಳಿ ಕಡೆಯವರಿಗೆ ಇದನ್ನ ವಿವರಿಸಬೇಕಾಗಿಲ್ಲ, ಪುಣೆಯ ಸುತ್ತಮುತ್ತಲೂ ಎಷ್ಟೋ ಕಡೆ ಇದೇ ಮಣ್ಣು. ಮೆತ್ತಗಾದ ತಳದ ಮೇಲೆ ಲಾರಿ ಹೋದಾಗ ಡಾಂಬರು ಮುರಿಯುತ್ತೆ, ಚಕ್ರ ಆ ಚೂರನ್ನ ಎತ್ತಿ ಎಸೆಯುತ್ತೆ. ಆಗ ಗುಂಡಿ. ಅಂದ್ರೆ ನನ್ನ ಆ್ಯಪ್‌ಗೆ ರೋಗ ಗೊತ್ತಾಗ್ತಿದ್ದದ್ದು ರೋಗಿ ಐಸಿಯುಗೆ ಹೋದ ಮೇಲೆ.

ಲಾರಿ ಅಂದೆ ಅಲ್ವಾ, ಅಲ್ಲೊಂದು ಸ್ವಾರಸ್ಯದ ಲೆಕ್ಕ ಇದೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಅನ್ನೋ ಊರಲ್ಲಿ ಬೇರೆ ಬೇರೆ ದಪ್ಪದ ರಸ್ತೆ ಕಟ್ಟಿ, ಸೈನಿಕರ ಕೈಲಿ ಹಗಲು ರಾತ್ರಿ ಲಾರಿ ಓಡಿಸಿ ಪರೀಕ್ಷೆ ಮಾಡಿದ್ರು. ಆಶೋ ರೋಡ್ ಟೆಸ್ಟ್ ಅಂತ ಅದರ ಹೆಸರು. ಅದರಿಂದ ಬಂದ ನಿಯಮ ಏನಂದ್ರೆ, ಒಂದು ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದ್ರೆ ರಸ್ತೆಗೆ ಆಗೋ ಪೆಟ್ಟು ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ನಾಲ್ಕನೇ ಘಾತದ ನಿಯಮ. 2018ರಲ್ಲಿ ನಮ್ಮ ದೇಶದಲ್ಲಿ ನಾಲ್ಕು ಟೈರಿನ ಸಿಂಗಲ್ ಆಕ್ಸಲ್‌ಗೆ ಹೇರಬಹುದಾದ ಭಾರವನ್ನ 10.2 ಟನ್‌ನಿಂದ 11.5 ಟನ್‌ಗೆ ಏರಿಸಿದ್ರು. ಕೇಳೋಕೆ ಶೇಕಡಾ 13ರಷ್ಟು ಹೆಚ್ಚಳ. ಪೂರ್ತಿ ಹೇರಿದ ಗಾಡಿಗೆ ಈ ನಿಯಮ ಹಚ್ಚಿದ್ರೆ ಪೆಟ್ಟು ಶೇಕಡಾ 60ರಷ್ಟು ಹೆಚ್ಚು. ಒಂದು ಚಿಕ್ಕ ಕಾರಿನ ಆಕ್ಸಲ್ ಭಾರ ಮುಕ್ಕಾಲು ಟನ್ ಅಂತ ಇಟ್ಕೊಂಡು ನೀವೇ ಮನೇಲಿ ಲೆಕ್ಕ ಹಾಕಿ, 10.2 ಟನ್ನಿನ ಒಂದು ಆಕ್ಸಲ್ ಮೂವತ್ತು ಸಾವಿರಕ್ಕೂ ಹೆಚ್ಚು ಕಾರಿನ ಆಕ್ಸಲ್‌ಗೆ ಸಮ. ಹಾಗಾಗಿ ಯಾವ ರಸ್ತೆ ಬೇಗ ಕೆಡುತ್ತೆ ಅಂತ ಹೇಳೋಕೆ ಎಷ್ಟು ಗಾಡಿ ಓಡಾಡ್ತವೆ ಅನ್ನೋದು ಸಾಲದು, ಎಂಥ ಗಾಡಿ ಅಂತ ಗೊತ್ತಿರಬೇಕು. ನನ್ನ ಡೇಟಾಬೇಸಿನಲ್ಲಿ ಆ ಕಾಲಮ್ಮೇ ಇರಲಿಲ್ಲ.

ರಸ್ತೆಗೆ ಅಂಕ ಕೊಡೋ ಪದ್ಧತಿ ಒಂದಿದೆ, ಪಿಸಿಐ ಅಂತಾರೆ, ಪೇವ್‌ಮೆಂಟ್ ಕಂಡಿಷನ್ ಇಂಡೆಕ್ಸ್. 1970ರ ದಶಕದಲ್ಲಿ ಅಮೆರಿಕದ ಸೇನೆಯ ಇಂಜಿನಿಯರ್‌ಗಳು ವಿಮಾನ ನಿಲ್ದಾಣಗಳಿಗಾಗಿ ಮಾಡಿದ್ದು, ಆಮೇಲೆ ರಸ್ತೆಗೂ ಬಂತು. ಹೊಸ ರಸ್ತೆಗೆ ನೂರು, ಪೂರ್ತಿ ಕೆಟ್ಟದ್ದಕ್ಕೆ ಸೊನ್ನೆ. ಬಿರುಕು, ಚಕ್ರದ ಗಾಡು, ಗುಂಡಿ, ಒಂದೊಂದೂ ಎಷ್ಟು ಜಾಗದಲ್ಲಿದೆ, ಎಷ್ಟು ಆಳ ಅಂತ ನೋಡಿ ಅಂಕ ಕಳೀತಾ ಹೋಗ್ತಾರೆ. ಈ ಅಂಕವನ್ನ ವರ್ಷ ವರ್ಷ ಗೀಚಿದ್ರೆ ಬರೋ ಗೆರೆ ಪಠ್ಯಪುಸ್ತಕಗಳಲ್ಲಿ ಪ್ರಸಿದ್ಧ. ಆಯುಷ್ಯದ ಮೊದಲ ಮುಕ್ಕಾಲು ಭಾಗ ನಿಧಾನವಾಗಿ ಇಳಿಯುತ್ತೆ, ಆಮೇಲೆ ಬಂಡೆಯ ಅಂಚಿನಿಂದ ಬಿದ್ದ ಹಾಗೆ. ಆ ಅಂಚಿಗೆ ಬರೋ ಮುಂಚೆ ಬಿರುಕು ಮುಚ್ಚಿದ್ರೆ, ತೆಳುವಾಗಿ ಒಂದು ಪದರ ಹಾಕಿದ್ರೆ ಕಡಿಮೆ ದುಡ್ಡಲ್ಲಿ ಮುಗಿಯುತ್ತೆ. ಬಿದ್ದ ಮೇಲೆ ಅಗೆದು ತಳದಿಂದ ಕಟ್ಟಬೇಕು, ಖರ್ಚು ಎಷ್ಟೋ ಪಟ್ಟು.

ಈಗ ನಾನು ನನ್ನ ಒಂದು ಸಾಲಿನ ಕೋಡನ್ನ ಪರೀಕ್ಷೆಗೆ ಹಚ್ಚಿದೆ. ಇದು ಕಾಲ್ಪನಿಕ ಊರು, ಅಂಕಿಗಳು ನಾನು ಇಟ್ಕೊಂಡದ್ದು, ದಯವಿಟ್ಟು ಯಾವ ಪಾಲಿಕೆಗೂ ಹಚ್ಚಬೇಡಿ. ನೂರು ಕಿಲೋಮೀಟರ್ ರಸ್ತೆ. 40 ಕಿ.ಮೀ. ಚೆನ್ನಾಗಿದೆ, 30 ಅಂಚಿನಲ್ಲಿದೆ, 30 ಕೆಟ್ಟಿದೆ. ಕಿಲೋಮೀಟರಿಗೆ ಬಿರುಕು ಮುಚ್ಚೋಕೆ 10 ಲಕ್ಷ, ಮೇಲೊಂದು ಪದರಕ್ಕೆ 40 ಲಕ್ಷ, ಪೂರ್ತಿ ಹೊಸದಾಗಿ ಕಟ್ಟೋಕೆ ಒಂದೂವರೆ ಕೋಟಿ. ವರ್ಷಕ್ಕೆ ಬಜೆಟ್ 12 ಕೋಟಿ. ಏನೂ ಮಾಡದಿದ್ರೆ ಅಂಚಿನಲ್ಲಿರೋದ್ರಲ್ಲಿ ವರ್ಷಕ್ಕೆ 10 ಕಿ.ಮೀ. ಕೆಳಗೆ ಬೀಳುತ್ತೆ.

ನನ್ನ ಪಟ್ಟಿ ಪ್ರಕಾರ, ಅತಿ ಕೆಟ್ಟದ್ದು ಮೊದಲು. 12 ಕೋಟಿಗೆ ವರ್ಷಕ್ಕೆ 8 ಕಿ.ಮೀ. ಹೊಸದಾಗುತ್ತೆ, ಅದೇ ವರ್ಷ 10 ಕಿ.ಮೀ. ಕೆಡುತ್ತೆ. ಮೂರು ವರ್ಷ, 36 ಕೋಟಿ ಖರ್ಚು. ಕೆಟ್ಟ ರಸ್ತೆ 30 ಇದ್ದದ್ದು 36 ಆಯ್ತು.

ಕಾಕಾನ ಪ್ರಕಾರ, ಮೊದಲ ವರ್ಷ ಅಂಚಿನಲ್ಲಿರೋ 30 ಕಿ.ಮೀ.ಗೆ ಪದರ, ಸರಿಯಾಗಿ 12 ಕೋಟಿ. ಎರಡನೇ ವರ್ಷ ಚೆನ್ನಾಗಿರೋ 40 ಕಿ.ಮೀ.ಗೆ 4 ಕೋಟಿಯಲ್ಲಿ ಬಿರುಕು ಮುಚ್ಚಿ, ಉಳಿದದ್ದರಲ್ಲಿ 5 ಕಿ.ಮೀ. ಹೊಸದು. ಮೂರನೇ ವರ್ಷ 8 ಕಿ.ಮೀ. ಹೊಸದು. ಅದೇ 36 ಕೋಟಿ, ಕೆಟ್ಟದ್ದು 17ಕ್ಕೆ ಇಳೀತು.

ಮೂರು ಸಲ ಕೋಡ್ ಚೆಕ್ ಮಾಡಿದೆ, ತಪ್ಪು ಎಲ್ಲೋ ಇದೆ ಅಂತ. ಇರಲಿಲ್ಲ. ತಪ್ಪಿದ್ದದ್ದು ಆ ಆರ್ಡರ್ ಬೈ ಸಾಲಿನಲ್ಲೇ.

ಖುಷಿಯಿಂದ ಕಾಕಾನ ಹತ್ರ ಓಡಿದೆ. ಅವರು, "ಲೆಕ್ಕ ಬರೋಬ್ಬರಿ ಅದ. ಆದ್ರ ಅಂಚಿನ್ಯಾಗ ಇರೋ 30 ಯಾವು ಅಂತ ಯಾರಿಗೆ ಗೊತ್ತದ?" ಅಂದ್ರು. ನೋಡ್ರಿ, ಪುಣೆಯಲ್ಲಿ ಯಾರನ್ನಾದ್ರೂ ಒಳ್ಳೆ ರಸ್ತೆ ಯಾವುದು ಅಂತ ಕೇಳಿ, ಜಂಗಲೀ ಮಹಾರಾಜ್ ರಸ್ತೆ ಅಂತಾರೆ, ಜೆ.ಎಂ. ರೋಡ್. 1970ರ ದಶಕದಲ್ಲಿ ಶ್ರೀಕಾಂತ್ ಶಿರೋಳೆ ಅನ್ನೋ ಯುವ ಕಾರ್ಪೊರೇಟರ್ ಪಾಲಿಕೆಯ ಸ್ಥಾಯಿ ಸಮಿತಿ ಅಧ್ಯಕ್ಷರಾಗಿದ್ದಾಗ ರೆಕಾಂಡೊ ಅನ್ನೋ ಮುಂಬೈ ಕಂಪನಿಗೆ ಕೆಲಸ ಕೊಡಿಸಿದ್ರು, ಹತ್ತು ವರ್ಷದ ಗ್ಯಾರಂಟಿ ಬರೆಸಿಕೊಂಡ್ರು. ಹತ್ತಲ್ಲ, ದಶಕಗಟ್ಟಲೆ ಗುಂಡಿ ಬೀಳಲಿಲ್ಲ ಅಂತ ಈಗಲೂ ಹೇಳ್ತಾರೆ. ಪ್ರತಿ ಮಳೆಗಾಲಕ್ಕೆ ಒಮ್ಮೆ ವಾಟ್ಸ್‌ಆ್ಯಪ್‌ನಲ್ಲಿ ಈ ಕಥೆ ಬರುತ್ತೆ, ಪುಣೆಯವರಿಗೆ ಅದು ಪುರಾಣ ಇದ್ದ ಹಾಗೆ. ಆದ್ರೆ ನನಗೆ ಅನ್ನಿಸೋದು ಬೇರೆ. ಒಂದು ರಸ್ತೆಯ ಜಾತಕ ಇಡೀ ಊರಿಗೆ ಬಾಯಿಪಾಠ ಇದೆ. ನೀವು ದಿನಾ ಆಫೀಸಿಗೆ ಹೋಗೋ ರಸ್ತೆ ಯಾವಾಗ ಕಟ್ಟಿದ್ದು, ಎಷ್ಟು ದಪ್ಪ, ಗ್ಯಾರಂಟಿ ಮುಗಿಯೋದು ಯಾವಾಗ, ಅದರ ಕೆಳಗೆ ಯಾವ ಪೈಪು? ಗೊತ್ತಾ?

ನಮ್ಮ ಹಳ್ಳಿಗೆ ಹೋದಾಗ ಒಂದು ವಿಚಿತ್ರ ಕಂಡೆ. ವಿಚಿತ್ರ ಏನಲ್ಲ, ಚಿಕ್ಕಂದಿನಿಂದ ಇದ್ದದ್ದೇ, ನಾನು ಓದಿರಲಿಲ್ಲ. ಊರ ಹಾದಿಯಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಬೋರ್ಡ್. ರಸ್ತೆಯ ಹೆಸರು, ಉದ್ದ, ಗುತ್ತಿಗೆದಾರರ ಹೆಸರು, ಶುರುವಾದ ದಿನ, ಮುಗಿದ ದಿನ, ಐದು ವರ್ಷದ ನಿರ್ವಹಣೆಗೆ ವರ್ಷವಾರು ಎಷ್ಟು ದುಡ್ಡು. 2000ದಲ್ಲಿ ಶುರುವಾದ ಈ ಯೋಜನೆಯಲ್ಲಿ ರಸ್ತೆ ಕಟ್ಟಿದವರೇ ಐದು ವರ್ಷ ನೋಡಿಕೊಳ್ಳಬೇಕು. ಈಗ ಅದಕ್ಕೆ ಇ-ಮಾರ್ಗ್ ಅನ್ನೋ ಸಾಫ್ಟ್‌ವೇರ್ ಇದೆ. ಇಂಜಿನಿಯರ್ ಹೋಗಿ ನೋಡಿ, ಫೋಟೋ ಹಾಕಿ, ಅಂಕ ಕೊಡಬೇಕು, ಅಂಕ ನೋಡಿ ಬಿಲ್ಲು. ಎಲ್ಲಾ ಕಡೆ ಪರಿಪೂರ್ಣವಾಗಿ ನಡೀತದೆ ಅಂತ ನಾನು ಹೇಳ್ತಿಲ್ಲ. ಆದ್ರೆ ಎಮ್ಮೆ ಓಡಾಡೋ ನಮ್ಮೂರ ರಸ್ತೆಗೆ ಜಾತಕ ಇದೆ, ಐಟಿ ಪಾರ್ಕಿನ ಹಾದಿಯಲ್ಲಿ ನಾನು ಹುಡುಕಿ ಹುಡುಕಿ ಅಂಥ ಬೋರ್ಡು ಕಾಣಲಿಲ್ಲ.

ಈಗ ನನ್ನ ನಿದ್ದೆ ಕೆಡಿಸೋ ಭಾಗಕ್ಕೆ ಬರ್ತೀನಿ.

ಆ ಎರಡನೇ ಲೆಕ್ಕವನ್ನ ಇನ್ನೊಮ್ಮೆ ನೋಡಿ. ಮೊದಲ ವರ್ಷ ಕೆಟ್ಟ 30 ಕಿಲೋಮೀಟರಿಗೆ ಒಂದು ರೂಪಾಯಿ ಇಲ್ಲ. ಆ 30ರಲ್ಲಿ ನಾನು ಬಿದ್ದ ರಸ್ತೆಯೂ ಇದೆ. ಪುಣೆ ಪಾಲಿಕೆಗೆ 2017ರಲ್ಲಿ 11 ಹಳ್ಳಿ, 2021ರಲ್ಲಿ 23 ಹಳ್ಳಿ ಸೇರಿದ್ವು. ಊರ ನಡುವಿನ ರಸ್ತೆಗಳು ಮೊದಲಿಂದ ಚೆನ್ನಾಗಿ ಕಟ್ಟಿದಂಥವು, ಅಂಚಿನ ಹಳ್ಳಿಗಳಲ್ಲಿ ಎಷ್ಟೋ ರಸ್ತೆಗೆ ತಳವೇ ಸರಿಯಾಗಿಲ್ಲ. ಕಂಪ್ಯೂಟರಿಗೆ ಬರೀ ರೂಪಾಯಿಗೆ ಸಿಗೋ ಲಾಭ ನೋಡು ಅಂದ್ರೆ, ಅದು ವರ್ಷ ವರ್ಷವೂ ಊರ ನಡುವಿನವರನ್ನೇ ಆರಿಸುತ್ತೆ. ಗಣಿತ ಸರಿ, ಆದ್ರೆ ಅಂಚಿನ ಬಡಾವಣೆಯಲ್ಲಿ ಮಗುವನ್ನ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಡೋ ತಾಯಿಗೆ ಹೋಗಿ "ತಡೀರಿ ಅಕ್ಕಾ, ಮೂರನೇ ವರ್ಷ ನಿಮ್ಮ ಸರದಿ" ಅಂತ ನಾನು ಹೇಳಲಾ? ನನ್ನ ಕೈಯಲ್ಲಿ ಆಗಲ್ಲ.

ಹಾಗಾಗಿ ಈಗಿನ ನನ್ನ ಕೋಡ್‌ನಲ್ಲಿ ಒಂದೇ ಪಟ್ಟಿ ಇಲ್ಲ. ಜೀವಕ್ಕೆ ಅಪಾಯ ಇರೋ ಗುಂಡಿ ಯಾವ ಲೆಕ್ಕಕ್ಕೂ ಕಾಯಬಾರದು, ಅದಕ್ಕೆ ಬಜೆಟ್‌ನಲ್ಲಿ ಮೊದಲೇ ತೆಗೆದಿಟ್ಟ ಪಾಲು, ತೇಪೆ ಆದ್ರೂ ಸರಿ, ಕೂಡಲೇ. ಅದು ರಸ್ತೆ ರಿಪೇರಿ ಅಲ್ಲ, ಪ್ರಥಮ ಚಿಕಿತ್ಸೆ, ಹಾಗಂತಲೇ ಲೆಕ್ಕದಲ್ಲಿ ಬರೀಬೇಕು. ಇನ್ನೊಂದು ಪಾಲು ಅಂಚಿನ ಬಡಾವಣೆಗಳಿಗೆ, ಕಡಿಮೆ ಲಾಭ ಅಂತ ಗೊತ್ತಿದ್ದೂ. ಉಳಿದದ್ದು ಕಾಕಾನ ಪ್ರಕಾರ. ಪಾಲು ಎಷ್ಟೆಷ್ಟು ಅನ್ನೋದನ್ನ ನಾನು ತೀರ್ಮಾನ ಮಾಡಬಾರದು, ಅದು ಆರಿಸಿ ಬಂದವರು ಎಲ್ಲರೆದುರು ನಿಂತು ತೀರ್ಮಾನ ಮಾಡೋ ವಿಷಯ. ಸಾಫ್ಟ್‌ವೇರ್ ಒಳಗೆ ಬಚ್ಚಿಡಬಾರದು. ಈ ಭಾಗಕ್ಕೆ ನನ್ನ ಕೆಲವು ಗೆಳೆಯರು ಒಪ್ಪಲ್ಲ, ಲಾಭ ಬಿಟ್ಟುಕೊಡ್ತಿದ್ದೀಯ ಅಂತಾರೆ. ಹೌದು, ಬಿಟ್ಟುಕೊಡ್ತಿದ್ದೀನಿ.

ಇಷ್ಟೆಲ್ಲ ಆದ್ಮೇಲೂ ಮೊದಲ ಕೆಲಸ ಆ ಜಾತಕವೇ. ಅದಿಲ್ಲದೆ ಯಾವ ಪಾಲಿಕೆಯಾದ್ರೂ ಅತಿ ಕೆಟ್ಟದ್ದರ ಹಿಂದೇನೇ ಓಡ್ತಿರುತ್ತೆ, ಯಾಕಂದ್ರೆ ಕಣ್ಣಿಗೆ ಕಾಣೋದು ಅದೊಂದೇ. ಹಳೇ ಆ್ಯಪ್ ಮುಚ್ಚಿದ್ದೀನಿ. ಅದರ ಬದಲು ಒಂದು ಸಾದಾ ಶೀಟ್ ಇದೆ: ರಸ್ತೆ, ಎಲ್ಲಿಂದ ಎಲ್ಲಿಗೆ, ಕಟ್ಟಿದ ವರ್ಷ, ಕೊನೆಯ ಪದರ ಹಾಕಿದ ವರ್ಷ, ಗ್ಯಾರಂಟಿ ಎಲ್ಲಿವರೆಗೆ, ಕೊನೆಗೆ ಅಗೆದದ್ದು ಯಾರು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋದು, ಟೆಂಡರ್ ಕಾಗದ ಹುಡುಕೋದು, ಕೆಲಸ ನಡೆಯುವಾಗ ಹೋಗಿ ಫೋಟೋ ತೆಗೆಯೋದು. ನಮ್ಮ ಮನೆ ಸುತ್ತ 14 ರಸ್ತೆ ಹಿಡಿದಿದ್ದೀವಿ, ಒಂಬತ್ತಕ್ಕೆ ವರ್ಷ ಸಿಕ್ಕಿದೆ. ಒಂದರ ಗ್ಯಾರಂಟಿ ಇನ್ನೂ ಎಂಟು ತಿಂಗಳಿದೆ, ಬಿರುಕು ಆಗಲೇ ಕಾಣ್ತಿದೆ. ಆ ಫೋಟೋ, ಗ್ಯಾರಂಟಿ ಕಾಗದ ಎರಡನ್ನೂ ಸೇರಿಸಿ ಕಾಕಾ ತಮ್ಮ ಕೈಬರಹದಲ್ಲೇ ಅರ್ಜಿ ಬರೆದಿದ್ದಾರೆ, ಸೋಮವಾರ ಕೊಟ್ಟು ಬರ್ತೀವಿ.

ಪ್ರಶ್ನೆ ಇದ್ರೆ ಕೇಳಿ.