ಗೋರ್ ಬೋಲಿ: ತಾಂಡಾದ ಮಾತು ಯಾವ ಲೆಕ್ಕಕ್ಕ?

ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ತಾಂಡಾ ಹೊಸದಲ್ಲ. ಆದರ ತಾಂಡಾದೊಳಗ ಅವ್ವಗ ‘ಯಾಡಿ’ ಅಂತಾರ, ಅದು ಎಷ್ಟ್ ಮಂದಿಗೆ ಗೊತ್ತದ? ನಾನು ತಾಂಡಾದವನೇ, ಅದಕ್ಕ ಕೇಳಿದೆ.

ಹೊರಗಿನವರು ಲಂಬಾಣಿ, ಬಂಜಾರ ಅಂತಾರ. ನಮಗ ನಾವು ‘ಗೋರ್’. ನಮ್ಮ ಮಾತು ಗೋರ್ ಬೋಲಿ, ರಾಜಸ್ಥಾನಿ ಬಳಗದ್ದು. ಎತ್ತುಗಳ ಮ್ಯಾಲ ಉಪ್ಪು, ಕಾಳು ಹೇರಿಕೊಂಡು ಊರೂರು ತಿರುಗುವ ‘ಲದೇಣಿ’ ನಮ್ಮ ಹಿರಿಯರ ಕಸುಬು. ದಖ್ಖನ್‌ಗೆ ಬಂದ ಮೊಘಲ್ ಸೈನ್ಯಕ್ಕೂ ಅವರೇ ಕಾಳು ಸಾಗಿಸಿದರು. ರೈಲು, ರಸ್ತೆ ಬಂದವು, ಎತ್ತಿನ ಕೆಲಸ ಹೋಯ್ತು. ಬೀಡು ಬಿಟ್ಟಲ್ಲೇ ತಾಂಡಾ ಆದವು. ನ್ಯಾಯ ಹೇಳಾಕ ನಾಯಕ, ಕಾರಭಾರಿ ಇನ್ನೂ ಅದಾರ. ತೀಜ್ ಬಂದರ ಮದುವಿ ಆಗದ ಹುಡುಗೇರು ಬುಟ್ಟಿಯೊಳಗ ಗೋಧಿ ಬಿತ್ತಿ, ಒಂಬತ್ತು ದಿನ ನೀರು ಹಾಕಿ ಹಾಡ್ತಾರ. ಆದರ ಸುಗ್ಗಿ ಮುಗೀತು ಅಂದರ ಅರ್ಧ ತಾಂಡಾ ಪುಣೆ, ಮುಂಬೈಗೆ ದುಡಿಯಾಕ ಹೋಗ್ತದ.

2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ಕಾರ್ಯಕ್ರಮ ಆಯ್ತಲ್ಲ, ಕಲಬುರಗಿ ಸೇರಿ ಐದು ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಅಂತ. ಮನಿಗೆ ಕಾಗದ ಬಂತು, ಚಲೋ ಆಯ್ತು. ಮಾತಿನ ಕಥಿ ಬ್ಯಾರೆ.

2011ರ ಜನಗಣತಿಯಲ್ಲಿ ‘ಲಮಾಣಿ/ಲಂಬಾಡಿ’ ತಾಯ್ನುಡಿ ಅಂತ ಬರೆಸಿದವರು 32 ಲಕ್ಷಕ್ಕೂ ಹೆಚ್ಚು. ಆದರ ಆ ಲೆಕ್ಕ ಸೇರಿದ್ದು ಹಿಂದಿ ಖಾತೆಗೆ! ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಗೋರ್ ಬೋಲಿ ಇಲ್ಲ. ಇನ್ನು ಹಿಂದಿ, ಕನ್ನಡ ಅಂತ ಬರೆಸಿದವರು ಈ 32 ಲಕ್ಷದೊಳಗೂ ಬರೋದಿಲ್ಲ.

ಲಿಪಿದೂ ಒಂದು ಪೇಚು ಅದ. ಆಳಂದದವರು ಕನ್ನಡ ಅಕ್ಷರದಾಗ ಬರೀತಾರ, ಗಡಿ ಆಚೆ ಉಮರ್ಗಾದ ಬೀಗರು ದೇವನಾಗರಿ, ತೆಲಂಗಾಣದವರು ತೆಲುಗು. ಮಾತು ಒಂದೇ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಓದಾಕ ಬರೋದಿಲ್ಲ. ಅದಕ್ಕ ನಮ್ಮ ವಾಟ್ಸಾಪ್ ಗ್ರೂಪ್‌ನ್ಯಾಗ ಟೈಪ್ ಮಾಡೋರು ಕಡಿಮಿ, ಎಲ್ಲಾ ವಾಯ್ಸ್ ಮೆಸೇಜೇ. ಮೂರು ರಾಜ್ಯದವರಿಗೂ ತಿಳೀತದ. ನನಗಂತೂ ಇದು ಭಾಳ ಹಿಡಿಸ್ತದ. ಲದೇಣಿ ಹಾಡು ಬರೋ ಅಜ್ಜಿ ನಿಮ್ಮ ಮನ್ಯಾಗ ಇದ್ದರ, ಫೋನ್ ಅವರ ಕಡೆ ಹಿಡೀರಿ.

2027ರ ಜನಗಣತಿಗೆ ಬಂದವರು ತಾಯ್ನುಡಿ ಯಾವುದು ಅಂತ ಕೇಳ್ತಾರ. ನಮ್ಮವರು ಸಾಲಿ ಮಾತು ಕನ್ನಡ, ಪ್ಯಾಟಿ ಮಾತು ಹಿಂದಿ ಅಂತ ಎರಡರಾಗ ಒಂದು ಹೇಳಿಬಿಡ್ತಾರ. ಯಾಡಿ ಜೋಡಿ ಆಡೋ ಮಾತು ಯಾವುದೋ ಅದನ್ನೇ ಬರೆಸ್ರಿ.