ಮೀಸಲು ಕ್ಷೇತ್ರದ ಶಾಸಕ: ಸುಳ್ಯದ ಅಂಗಾರರ 29 ವರ್ಷ



1994ರ ಚುನಾವಣೆಯಲ್ಲಿ ನಮ್ಮ ಸೀಮೆಯ ಇಬ್ಬರು ಮೊದಲ ಬಾರಿಗೆ ವಿಧಾನಸಭೆಗೆ ಆರಿಸಿಹೋದರು. ಪುತ್ತೂರಿನಿಂದ ವಕೀಲರಾದ ಡಿ. ವಿ. ಸದಾನಂದ ಗೌಡರು, ಸುಳ್ಯದಿಂದ ಕೂಲಿ ಕೆಲಸ ಮಾಡಿ ಬದುಕಿದ್ದ ಎಸ್. ಅಂಗಾರರು. ಇಬ್ಬರೂ ಭಾರತೀಯ ಜನತಾ ಪಕ್ಷದವರು. ಗೌಡರ ಹುಟ್ಟೂರು ಸುಳ್ಯ ತಾಲೂಕಿನ ಮಂಡೆಕೋಲು. ಆದರೆ ಸುಳ್ಯ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ, ಅಲ್ಲಿ ಅವರು ನಿಲ್ಲುವಂತಿರಲಿಲ್ಲ. ಪುತ್ತೂರಿನಿಂದ ಹೊರಟವರು 2011ರಲ್ಲಿ ಮುಖ್ಯಮಂತ್ರಿಯಾದರು. ಅಂಗಾರರು ಮಂತ್ರಿಯಾಗಲು 2021ರ ಜನವರಿ ಬರಬೇಕಾಯಿತು.

ಅಷ್ಟರಲ್ಲಿ ಅವರು ಆರು ಚುನಾವಣೆ ಗೆದ್ದಿದ್ದರು: 1994, 1999, 2004, 2008, 2013, 2018. ಇದರಲ್ಲಿ 2013ರದ್ದು ವಿಶೇಷ. ದಕ್ಷಿಣ ಕನ್ನಡದ ಎಂಟು ಸ್ಥಾನಗಳಲ್ಲಿ ಏಳು ಕಾಂಗ್ರೆಸ್ಸಿನ ಪಾಲಾದವು. ಉಳಿದ ಒಂದು ಸುಳ್ಯ, ಅದೂ ಸುಮಾರು 1,400 ಮತಗಳ ಅಂತರದಲ್ಲಿ. ಮುಂದಿನ ಸಲ ಆ ಅಂತರ 26,000 ದಾಟಿತು. ಇಂಥವರಿಗೆ 2008ರಿಂದ 2013ರವರೆಗೆ ತಮ್ಮದೇ ಪಕ್ಷದ ಸರಕಾರದಲ್ಲಿ ಸ್ಥಾನ ಸಿಗಲಿಲ್ಲ. 2019ರಲ್ಲಿ ಮತ್ತೆ ಕೈಬಿಟ್ಟಾಗ ಸುಳ್ಯದ ಕಾರ್ಯಕರ್ತರೇ ಮುನಿಸಿಕೊಂಡರು.

ಏಕೆ ಹೀಗಾಯಿತು? ಅಂಗಾರರು ಸದ್ದು ಮಾಡುವವರಲ್ಲ ಎಂಬ ಉತ್ತರ ಸಾಮಾನ್ಯ. ನನಗೆ ಅದು ಅರ್ಧ ಉತ್ತರ. 1932ರ ಪುಣೆ ಒಪ್ಪಂದದ ಬಳಿಕ ಮೀಸಲು ಸ್ಥಾನಕ್ಕೆ ಪ್ರತ್ಯೇಕ ಮತದಾರರಿಲ್ಲ. ನಿಲ್ಲುವವರು ಮಾತ್ರ ಪರಿಶಿಷ್ಟರು, ಆರಿಸುವವರು ಎಲ್ಲರೂ. ಪ್ರತ್ಯೇಕ ಮತಕ್ಷೇತ್ರ ಕೇಳಿದ್ದ ಅಂಬೇಡ್ಕರರ ಅಳುಕು ಇದೇ ಆಗಿತ್ತು. ಸುಳ್ಯದಲ್ಲಿ ಮೀಸಲು ಅಭ್ಯರ್ಥಿ ಗೆಲ್ಲುವುದು ಗೌಡರ, ಬ್ರಾಹ್ಮಣರ, ಬಂಟರ, ಬಿಲ್ಲವರ ಮತಗಳಿಂದಲೂ. ಮೊಗೇರ ಸಮಾಜದ ಅಂಗಾರರು “ನನ್ನ ಹಿಂದೆ ಇಷ್ಟು ಮತ ಇದೆ” ಎಂದು ಬೆಂಗಳೂರಲ್ಲಿ ಮೇಜು ಗುದ್ದುವಂತಿರಲಿಲ್ಲ. ಮತ ಪಕ್ಷದ್ದು ಎಂದು ಪಕ್ಷವೂ ತಿಳಿದಿತ್ತು. ಗೆಲ್ಲಿಸಿದ್ದೇ ಕಟ್ಟಿಹಾಕಿತು ಎಂದರೆ ತಪ್ಪಾಗಲಾರದು.

ಅವರ ಮೇಲೆ ದೂರುಗಳಿರಲಿಲ್ಲವೆಂದಲ್ಲ. ಇಷ್ಟು ವರ್ಷ ಗೆಲ್ಲಿಸಿದರೂ ರಸ್ತೆಯಿಲ್ಲ, ಸೇತುವೆಯಿಲ್ಲ ಎಂದು ಸುಳ್ಯ, ಕಡಬದ ಒಳಹಳ್ಳಿಗಳು ಗೊಣಗಿದ್ದುಂಟು. ಮಳೆಗಾಲದಲ್ಲಿ ಹೊಳೆ ದಾಟಿದವರಿಗೆ ಆ ಗೊಣಗಾಟ ಅರ್ಥವಾದೀತು.

ಕೊನೆಗೆ ಸಿಕ್ಕ ಖಾತೆ ಮೀನುಗಾರಿಕೆ, ಬಂದರು, ಒಳನಾಡು ಜಲಸಾರಿಗೆ! ಸುಳ್ಯಕ್ಕೆ ಸಮುದ್ರವಿಲ್ಲ, ಇರುವುದು ಪಯಸ್ವಿನಿ, ಕಡಬದ ಕಡೆ ಕುಮಾರಧಾರಾ. ಅಡಿಕೆ ತೋಟದ ನಡುವಿನಿಂದ ಹೋದವರು ಬಂದರುಗಳ ಕಡತ ನೋಡಿದರು.

2023ರ ಏಪ್ರಿಲ್‌ನಲ್ಲಿ ಟಿಕೆಟ್ ಕೈತಪ್ಪಿತು. ಮಂತ್ರಿಯಾಗಿದ್ದಾಗಲೇ. ನೊಂದು, ರಾಜಕೀಯ ಸಾಕೆಂದರು. ಕೆಲವೇ ದಿನಗಳಲ್ಲಿ ಮಾತು ಹಿಂತೆಗೆದುಕೊಂಡು, ತಮ್ಮ ಜಾಗಕ್ಕೆ ಬಂದ ಭಾಗೀರಥಿ ಮುರುಳ್ಯರ ಪರವಾಗಿ ಮತ ಕೇಳಲು ಹೊರಟರು. ಭಾಗೀರಥಿಯವರು ಗೆದ್ದು ಸುಳ್ಯದ ಮೊದಲ ಶಾಸಕಿಯಾದರು.